ಗುತ್ತಿಗೆದಾರರಿಗೆ ಪ್ರೈವೇಟ್ ಲಿಮಿಟೆಡ್ ಕಂಪನಿ: ಯಾವಾಗ, ಹೇಗೆ, ಎಷ್ಟು ಹೊಣೆ

ಮುಧೋಳ ಸೀಮೆಯ ಜನರಿಗೆ ‘ಲಿಮಿಟೆಡ್’ ಎಂಬ ಶಬ್ದ ಹೊಸದಲ್ಲ. ಇಲ್ಲಿಯ ರೈತನು ಕಬ್ಬು ಕಳಿಸುವುದು ನಿರಾಣಿ ಶುಗರ್ಸ್ ಲಿಮಿಟೆಡ್‌ಗೆ, ಇಲ್ಲವೇ ಉತ್ತೂರಿನ ಇಂಡಿಯನ್ ಕೇನ್ ಪವರ್ ಲಿಮಿಟೆಡ್‌ಗೆ. ಮನೆಗೆ ಬರುವ ಕರೆಂಟ್ ಬಿಲ್ಲು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ನಿಯಮಿತದ್ದು. ಘಟಪ್ರಭಾ ಕಾಲುವೆಯ ಕಾಮಗಾರಿಗೆ ಟೆಂಡರು ಕರೆಯುವುದು 1998ರಲ್ಲಿ ಸ್ಥಾಪನೆಯಾದ ಕರ್ನಾಟಕ ನೀರಾವರಿ ನಿಗಮ ನಿಯಮಿತ. ಕೃಷ್ಣಾ ಮೇಲ್ದಂಡೆ ಯೋಜನೆಗೆಂದೇ 1994ರಲ್ಲಿ ಹುಟ್ಟಿದ ಕೃಷ್ಣಾ ಭಾಗ್ಯ ಜಲ ನಿಗಮವೂ ಕಂಪನಿ ಕಾಯ್ದೆಯಡಿ ನೋಂದಣಿಯಾದ ನಿಯಮಿತವೇ. ಬಾಂಡುಗಳ ಮೂಲಕ ಹಣ ಎತ್ತಿ ಕಾಮಗಾರಿ ನಡೆಸಲು ಸರ್ಕಾರವೇ ಕಂಪನಿಯ ರೂಪವನ್ನು ಆರಿಸಿಕೊಂಡಿತು. (ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ಹೆಸರಿನ ಕೊನೆಯಲ್ಲಿಯೂ ‘ನಿಯಮಿತ’ ಎಂದಿದೆಯಾದರೂ ಅದು ಸಹಕಾರ ಸಂಘಗಳ ಕಾಯ್ದೆಯ ನಿಯಮಿತ; ಎರಡನ್ನೂ ಒಂದೆಂದು ತಿಳಿಯಬಾರದು.)

ಇಷ್ಟೆಲ್ಲ ಲಿಮಿಟೆಡ್‌ಗಳಿಗೆ ರಸ್ತೆ, ಸಿ.ಡಿ., ಕಾಲುವೆ ಲೈನಿಂಗ್, ಗೋದಾಮು ಮಾಡಿಕೊಡುವ ಸ್ಥಳೀಯ ಗುತ್ತಿಗೆದಾರರು ಮಾತ್ರ ಬಹುಮಟ್ಟಿಗೆ ಸ್ವಂತ ಹೆಸರಿನಲ್ಲಿಯೋ ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲಿಯೋ ವ್ಯವಹರಿಸುತ್ತಾರೆ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೆಯ ಹಂತದ ಯೋಜನೆ, ಅದರ ಪುನರ್ವಸತಿ ಕೇಂದ್ರಗಳು, ಲೋಕಾಪುರದ ಮೂಲಕ ಸಾಗುವ ಬಾಗಲಕೋಟೆ–ಕುಡಚಿ ರೈಲು ಮಾರ್ಗ ಇತ್ಯಾದಿಗಳನ್ನು ಕಂಡು, ಹೊಸದಾಗಿ ಈ ಉದ್ಯೋಗಕ್ಕೆ ಇಳಿಯುವ ತರುಣರು ‘ಮೊದಲು ಒಂದು ಪ್ರೈವೇಟ್ ಲಿಮಿಟೆಡ್ ಮಾಡಿಬಿಡೋಣ’ ಎನ್ನುವುದು ಸಾಮಾನ್ಯವಾಗಿದೆ. ಕಂಪನಿ ಮಾಡುವುದು ಇಂದು ಕಷ್ಟದ ಕೆಲಸವಲ್ಲ. ಆ ಕಂಪನಿಗೆ ಟೆಂಡರು ದಕ್ಕುವುದೇ, ಮುಳುಗಿದಾಗ ಮನೆ–ಹೊಲ ಉಳಿಯುವುದೇ ಎಂಬುದೇ ಮುಖ್ಯ ಪ್ರಶ್ನೆ.

ಸೀಮಿತವಾಗುವುದು ಯಾವುದು?

ಸೀಮಿತವಾಗುವುದು ಕಂಪನಿಯ ಹೊಣೆಯಲ್ಲ. ಕಂಪನಿಯು ತನ್ನ ಸಾಲಕ್ಕೆ ತನ್ನ ಸರ್ವಸ್ವವನ್ನೂ ತೆರಬೇಕು. ಸೀಮಿತವಾಗುವುದು ಷೇರುದಾರನ ಹೊಣೆ. ತಾನು ಕೊಳ್ಳಲು ಒಪ್ಪಿದ ಷೇರಿನ ಹಣವನ್ನು ಪೂರ್ತಿ ಕಟ್ಟಿದ ಮೇಲೆ, ಕಂಪನಿಯ ಸಾಲಗಾರರು ಅವನ ಮನೆ ಬಾಗಿಲಿಗೆ ಬರುವಂತಿಲ್ಲ. ಕಾನೂನಿನ ಕಣ್ಣಿನಲ್ಲಿ ಕಂಪನಿಯೇ ಬೇರೆ ವ್ಯಕ್ತಿ, ಅದನ್ನು ಕಟ್ಟಿದವನೇ ಬೇರೆ ವ್ಯಕ್ತಿ ಎಂಬುದೇ ಇದಕ್ಕೆ ಆಧಾರ.

ಈ ತತ್ವವನ್ನು ಸ್ಥಿರಗೊಳಿಸಿದ ಮೊಕದ್ದಮೆ ಒಬ್ಬ ಸಣ್ಣ ಉದ್ದಿಮೆದಾರನದೇ. ಲಂಡನ್ನಿನಲ್ಲಿ ಚರ್ಮದ ಬೂಟು ತಯಾರಿಸುತ್ತಿದ್ದ ಆರನ್ ಸಾಲೊಮನ್ ತನ್ನ ವ್ಯಾಪಾರವನ್ನು ಕಂಪನಿಯಾಗಿಸಿದ. ಒಟ್ಟು 20,007 ಷೇರುಗಳಲ್ಲಿ 20,001 ಅವನವು. ಉಳಿದ ಆರು ಹೆಂಡತಿ ಮಕ್ಕಳಿಗೆ ಒಂದೊಂದು. ಕಂಪನಿ ದಿವಾಳಿಯಾದಾಗ ‘ಇದು ಬರಿಯ ಹೆಸರಿನ ಕಂಪನಿ, ಸಾಲವನ್ನು ಸಾಲೊಮನ್ನನೇ ತೀರಿಸಲಿ’ ಎಂಬ ವಾದ ಬಂದಿತು. 1896ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿ, ಕ್ರಮಬದ್ಧವಾಗಿ ನೋಂದಣಿಯಾದ ಕಂಪನಿಯು ಸ್ವತಂತ್ರ ವ್ಯಕ್ತಿಯೆಂದು ತೀರ್ಪಿತ್ತಿತು. ಭಾರತದ ಕಂಪನಿ ಕಾನೂನೂ ಇದೇ ತಳಹದಿಯ ಮೇಲೆ ನಿಂತಿದೆ.

ಏಕವ್ಯಕ್ತಿ ಒಡೆತನದಲ್ಲಿ ಈ ಗೋಡೆ ಇಲ್ಲ. ಪಾಲುದಾರಿಕೆಯಲ್ಲಿಯೂ ಇಲ್ಲ, 1932ರ ಪಾಲುದಾರಿಕೆ ಕಾಯ್ದೆಯಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆಗಾರ. ನಾಲ್ಕಾಣೆ ಪಾಲಿನ ತಮ್ಮನ ಆಸ್ತಿಯಿಂದ ಹದಿನಾರಾಣೆ ಸಾಲ ವಸೂಲಾಗಬಹುದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ತಾಲೂಕಿನ ಊರುಗಳನ್ನು ಮುಳುಗಿಸಿದ್ದು ಎಲ್ಲರ ನೆನಪಿನಲ್ಲಿದೆ. ಅಂತಹ ನೆರೆಯಲ್ಲಿ ಅರ್ಧ ಮುಗಿದ ಸಿ.ಡಿ. ಕೊಚ್ಚಿಹೋಯಿತೆಂದು ಭಾವಿಸಬಹುದು. ಅಳತೆ ಪುಸ್ತಕದಲ್ಲಿ ದಾಖಲಾಗದ ಕೆಲಸಕ್ಕೆ ಬಿಲ್ಲು ಹುಟ್ಟುವುದಿಲ್ಲ. ಸಿಮೆಂಟು, ಕಬ್ಬಿಣದ ಅಂಗಡಿಯವರ ಬಾಕಿ ಮಾತ್ರ ನಿಂತೇ ಇರುತ್ತದೆ. ಸ್ವಂತ ಹೆಸರಿನ ಗುತ್ತಿಗೆದಾರನಾದರೆ ಆ ಬಾಕಿ ನೀರಾವರಿ ಹೊಲದವರೆಗೂ ಬರಬಹುದು. ಕಂಪನಿಯಾಗಿದ್ದರೆ ಕಂಪನಿಯ ಆಸ್ತಿಗೇ ನಿಲ್ಲುತ್ತದೆ.

ಗೋಡೆಯಲ್ಲಿರುವ ಬಾಗಿಲು

ಆದರೆ ಈ ಗೋಡೆಗೆ ಒಂದು ದೊಡ್ಡ ಬಾಗಿಲಿದೆ, ಅದನ್ನು ತೆರೆಯುವವನು ಸ್ವತಃ ಗುತ್ತಿಗೆದಾರನೇ. ಹೊಸ ಕಂಪನಿಗೆ ಓವರ್‌ಡ್ರಾಫ್ಟ್ ಅಥವಾ ಬ್ಯಾಂಕ್ ಗ್ಯಾರಂಟಿ ಕೊಡುವಾಗ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುವುದು ರೂಢಿ. ಆ ಕಾಗದಕ್ಕೆ ಸಹಿ ಬಿದ್ದ ಕ್ಷಣದಿಂದ, ಆ ಸಾಲದ ಮಟ್ಟಿಗೆ ‘ಲಿಮಿಟೆಡ್’ ಎಂಬ ಶಬ್ದಕ್ಕೆ ಅರ್ಥ ಉಳಿಯುವುದಿಲ್ಲ. ಕಂಪನಿಯು ದಿವಾಳಿ ಪ್ರಕ್ರಿಯೆಗೆ ಒಳಪಟ್ಟು ಅದರ ಸಾಲಕ್ಕೆ ಪರಿಹಾರ ಯೋಜನೆ ಮಂಜೂರಾದ ಮಾತ್ರಕ್ಕೆ ಜಾಮೀನುದಾರನು ಮುಕ್ತನಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮೇ ತಿಂಗಳಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಣ್ಣ ಉದ್ದಿಮೆಗಳ ಸಾಲಕ್ಕೆ ಖಾತರಿ ನೀಡುವ ಕೇಂದ್ರದ ನಿಧಿಯ ವ್ಯಾಪ್ತಿಯನ್ನು 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿವರೆಗೆ ವಿಸ್ತರಿಸಲಾಗಿದೆ. ಆ ಯೋಜನೆಯಲ್ಲಿ ಆಸ್ತಿ ಅಡವು ಬೇಡವಾದರೂ, ಪ್ರವರ್ತಕನ ಸ್ವಂತ ಜಾಮೀನನ್ನು ಬ್ಯಾಂಕು ಪಡೆಯಬಹುದು. ಅಡವು ಬೇಡವೆಂದರೆ ಹೊಣೆಯೇ ಇಲ್ಲವೆಂದು ತಿಳಿದು ಸಹಿ ಹಾಕುವವರು ಕಡಿಮೆಯಿಲ್ಲ.

ಇನ್ನೂ ಕೆಲವು ಕಿಟಕಿಗಳಿವೆ. ಕಂಪನಿಯ ಚೆಕ್ಕು ಹಣವಿಲ್ಲದೆ ಮರಳಿದರೆ ವ್ಯವಹಾರ ನೋಡಿಕೊಳ್ಳುವ ನಿರ್ದೇಶಕನೂ ಆರೋಪಿಯಾಗುತ್ತಾನೆ. ಪ್ರೈವೇಟ್ ಕಂಪನಿಯಿಂದ ಜಿ.ಎಸ್.ಟಿ. ಅಥವಾ ಆದಾಯ ತೆರಿಗೆ ವಸೂಲಾಗದಿದ್ದರೆ, ತನ್ನ ಕಡೆಯಿಂದ ಘೋರ ನಿರ್ಲಕ್ಷ್ಯವಾಗಲಿಲ್ಲವೆಂದು ತೋರಿಸಲಾರದ ನಿರ್ದೇಶಕನಿಂದ ಅದನ್ನು ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ವಂಚನೆಗಂತೂ ಯಾವ ಗೋಡೆಯೂ ಅಡ್ಡ ಬರುವುದಿಲ್ಲ.

ಹೀಗೆ ನೋಡಿದರೆ ಹೊಸ ಗುತ್ತಿಗೆದಾರನಿಗೆ ಕಂಪನಿಯು ರಕ್ಷಣೆ ನೀಡುವುದು ಮುಖ್ಯವಾಗಿ ಅಂಗಡಿಕಾರರ ಬಾಕಿ, ಯಂತ್ರ ಬಾಡಿಗೆ, ಉಪಗುತ್ತಿಗೆಯ ತಗಾದೆ ಮತ್ತು ಕಾಮಗಾರಿಯಿಂದ ಹುಟ್ಟುವ ನಷ್ಟ ಪರಿಹಾರದ ಬೇಡಿಕೆಗಳಿಂದ. ಬ್ಯಾಂಕಿನಿಂದ ರಕ್ಷಣೆ ಅಪರೂಪ. ಕಬ್ಬು ಕಟಾವು–ಸಾಗಾಣಿಕೆಯ ಗುತ್ತಿಗೆದಾರರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಕಾರ್ಖಾನೆಯ ಅಥವಾ ಬ್ಯಾಂಕಿನ ಮುಂಗಡವನ್ನು ತಂದು ಗ್ಯಾಂಗಿನ ಮುಕಾದಮನಿಗೆ ಕೊಟ್ಟು, ಗ್ಯಾಂಗು ಬಾರದೆ ಹೋದಾಗ ತಲೆಯ ಮೇಲೆ ಉಳಿಯುವುದು ಸ್ವಂತ ಸಹಿಯ ಸಾಲ. ಅಂತಹ ವ್ಯವಹಾರಕ್ಕೆ ಕಂಪನಿ ಕಟ್ಟಿ ಆಗುವ ಲಾಭ ಬಹಳ ಸ್ವಲ್ಪ.

ಹೊಸ ಕಂಪನಿಗೆ ಹಳೆಯ ಅನುಭವ ಬರುವುದಿಲ್ಲ

ಕಂಪನಿ ಬೇರೆ ವ್ಯಕ್ತಿ ಎಂಬ ತತ್ವವು ಒಂದು ಕಡೆ ಕಾಯುವಂತೆ ಇನ್ನೊಂದು ಕಡೆ ಕಾಡುತ್ತದೆ. ಇದನ್ನು ಮೊದಲೇ ತಿಳಿಯದವರು ನೋಂದಣಿಯ ಖರ್ಚು ಮಾಡಿ, ಎರಡು ವರ್ಷ ಕಳೆದ ಮೇಲೆ ತಿಳಿಯುತ್ತಾರೆ.

ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿಗಳ ಟೆಂಡರು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಂತೆ, ಇ–ಸಂಗ್ರಹಣೆ ಪೋರ್ಟಲಿನ ಮೂಲಕ ನಡೆಯುತ್ತದೆ. ಸಣ್ಣ ಕಾಮಗಾರಿಗಳ ಟೆಂಡರು ದಾಖಲೆಗಳು ಸರಳ. ಕೆ.ಡಬ್ಲ್ಯು.–4 ಎಂದು ಕರೆಯುವ, ದೊಡ್ಡ ಕಾಮಗಾರಿಗಳ ದಾಖಲೆಯಲ್ಲಿ ಟೆಂಡರುದಾರನ ಹಿಂದಿನ ವರ್ಷಗಳ ವಹಿವಾಟು, ಅದೇ ಬಗೆಯ ಕಾಮಗಾರಿ ಪೂರೈಸಿದ ಅನುಭವ ಹಾಗೂ ಲಭ್ಯ ಟೆಂಡರು ಸಾಮರ್ಥ್ಯವನ್ನು ಕೇಳಲಾಗುತ್ತದೆ. ಆ ಸಾಮರ್ಥ್ಯದ ಸೂತ್ರ ಹೀಗಿದೆ:

(ಎ × ಎನ್ × 1.5) − ಬಿ

ಇಲ್ಲಿ ‘ಎ’ ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷದಲ್ಲಿ ಮಾಡಿದ ಅತಿ ಹೆಚ್ಚಿನ ಕಾಮಗಾರಿಯ ಮೌಲ್ಯ. ‘ಎನ್’ ಎಂದರೆ ಹೊಸ ಕಾಮಗಾರಿಗೆ ಕೊಟ್ಟ ಅವಧಿ, ವರ್ಷಗಳಲ್ಲಿ. ‘ಬಿ’ ಎಂದರೆ ಆ ಅವಧಿಯಲ್ಲಿ ಮುಗಿಸಬೇಕಾದ, ಈಗಾಗಲೇ ಕೈಯಲ್ಲಿರುವ ಕೆಲಸದ ಮೌಲ್ಯ. ಒಬ್ಬ ಗುತ್ತಿಗೆದಾರನು ತನ್ನ ಅತ್ಯುತ್ತಮ ವರ್ಷದಲ್ಲಿ 80 ಲಕ್ಷ ರೂಪಾಯಿಯ ಕೆಲಸ ಮಾಡಿದ್ದು, 50 ಲಕ್ಷದ ಕೆಲಸ ಕೈಯಲ್ಲಿದ್ದು, ಒಂದು ವರ್ಷದ ಕಾಮಗಾರಿಗೆ ಟೆಂಡರು ಹಾಕಿದರೆ ಅವನ ಸಾಮರ್ಥ್ಯ 1 ಕೋಟಿ 20 ಲಕ್ಷದಲ್ಲಿ 50 ಲಕ್ಷ ಕಳೆದು 70 ಲಕ್ಷ. ಅದೇ ಮನುಷ್ಯ, ಅದೇ ಮಿಕ್ಸರು, ಅದೇ ಮೇಸ್ತ್ರಿಗಳೊಡನೆ ನಿನ್ನೆ ನೋಂದಣಿಯಾದ ಕಂಪನಿಯ ಹೆಸರಿನಲ್ಲಿ ಬಂದರೆ ‘ಎ’ ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ.

ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿಯೂ ಹೀಗೆಯೇ. ಮಾಲೀಕನ ಹೆಸರಿನ ನೋಂದಣಿ ಪತ್ರವನ್ನು ಕಂಪನಿಯು ಉಪಯೋಗಿಸುವಂತಿಲ್ಲ. ಕಂಪನಿಯ ಹೆಸರಿನಲ್ಲಿಯೇ ಹೊಸದಾಗಿ ಪಡೆಯಬೇಕು. ನಡೆಯುತ್ತಿರುವ ಕಾಮಗಾರಿಯನ್ನೂ ಇಲಾಖೆಯ ಒಪ್ಪಿಗೆಯಿಲ್ಲದೆ ಕಂಪನಿಗೆ ವರ್ಗಾಯಿಸಲಾಗದು.

ಈ ವಿಷಯದಲ್ಲಿ ನ್ಯಾಯಾಲಯದ ಒಂದು ಮುಖ್ಯ ತೀರ್ಪಿದೆ. ಹೈದರಾಬಾದಿನ ದೂರವಾಣಿ ಡೈರೆಕ್ಟರಿ ಮುದ್ರಣದ ಟೆಂಡರಿನಲ್ಲಿ ನ್ಯೂ ಹೊರೈಜನ್ಸ್ ಲಿಮಿಟೆಡ್ ಎಂಬ ಕಂಪನಿಗೆ ಸ್ವಂತ ಹೆಸರಿನಲ್ಲಿ ಅನುಭವವಿಲ್ಲವೆಂದು ಅದರ ಟೆಂಡರನ್ನು ಪರಿಗಣಿಸಿರಲಿಲ್ಲ. ಕಂಪನಿಯ ಹಿಂದಿರುವ ಭಾಗೀದಾರ ಸಂಸ್ಥೆಗಳ ಅನುಭವವನ್ನೂ ನೋಡಬೇಕಾಗಿತ್ತೆಂದು ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಹೇಳಿತು. ಆದರೆ ಅದು ದೊಡ್ಡ ಸಂಸ್ಥೆಗಳ ಜಂಟಿ ಕಂಪನಿ, ಮತ್ತು ತೀರ್ಪು ಆ ಟೆಂಡರಿನ ಷರತ್ತಿನ ಮಾತುಗಳಿಗೆ ಹೊಂದಿಕೊಂಡದ್ದು. 60 ಲಕ್ಷದ ರಸ್ತೆ ಕೆಲಸಕ್ಕಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಯಾವ ಗುತ್ತಿಗೆದಾರನ ಲೆಕ್ಕಕ್ಕೂ ಹೊಂದದು.

ಪಾಲುದಾರಿಕೆ ಸಂಸ್ಥೆಗಳಿಗೆ ಇಲ್ಲಿ ಒಂದು ಅನುಕೂಲವಿದೆ. 2013ರ ಕಂಪನಿ ಕಾಯ್ದೆಯ 366ನೆಯ ಕಲಮಿನಂತೆ ಪಾಲುದಾರಿಕೆ ಸಂಸ್ಥೆಯು ತಾನೇ ಕಂಪನಿಯಾಗಿ ನೋಂದಣಿ ಹೊಂದಬಹುದು. ಅದರ ಆಸ್ತಿ–ಹೊಣೆಗಳು ಕಾನೂನಿನ ಬಲದಿಂದಲೇ ಕಂಪನಿಗೆ ಸೇರುತ್ತವೆ. ಒಂದು ಇಂಗ್ಲಿಷ್ ಹಾಗೂ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ ನೀಡಬೇಕು, ಅಡವು ಸಾಲ ಕೊಟ್ಟವರ ಒಪ್ಪಿಗೆ ಪಡೆಯಬೇಕು. ಇಂತಹ ಪರಿವರ್ತನೆಯಲ್ಲಿ ಹಳೆಯ ಸಂಸ್ಥೆಯ ಅನುಭವವನ್ನು ಕಂಪನಿಯದೆಂದು ವಾದಿಸಲು ಗಟ್ಟಿಯಾದ ನೆಲೆ ಸಿಗುತ್ತದೆ. ಆದರೂ ಇಲಾಖೆಯ ಲಿಖಿತ ಒಪ್ಪಿಗೆಯನ್ನು ಮುಂಚೆಯೇ ಪಡೆಯುವುದು ಲೇಸು. ಏಕವ್ಯಕ್ತಿ ಒಡೆತನಕ್ಕೆ ಈ ದಾರಿ ತೆರೆದಿಲ್ಲ. ಅಲ್ಲಿ ಒಪ್ಪಂದದ ಮೂಲಕ ವ್ಯಾಪಾರವನ್ನು ಕಂಪನಿಗೆ ವಹಿಸಿಕೊಡುವುದಷ್ಟೇ ಸಾಧ್ಯ. ಎಲ್ಲ ಆಸ್ತಿ–ಸಾಲಗಳನ್ನೂ ವಹಿಸಿ, ಪ್ರತಿಯಾಗಿ ಷೇರನ್ನಲ್ಲದೆ ಬೇರೇನನ್ನೂ ಪಡೆಯದೆ, ಮತದ ಹಕ್ಕಿನಲ್ಲಿ ಅರ್ಧಕ್ಕೆ ಕಡಿಮೆಯಾಗದ ಪಾಲನ್ನು ಐದು ವರ್ಷ ಉಳಿಸಿಕೊಂಡರೆ ಆ ವರ್ಗಾವಣೆಗೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ.

ತೆರಿಗೆಯ ಲೆಕ್ಕ

ಕಂಪನಿ ಮಾಡಿದರೆ ತೆರಿಗೆ ಉಳಿಯುತ್ತದೆಂಬ ಮಾತು ಪೇಟೆಯಲ್ಲಿ ಹರಿದಾಡುತ್ತದೆ. ಸಣ್ಣ ಗುತ್ತಿಗೆದಾರನ ಮಟ್ಟಿಗೆ ಇದು ತಿರುಗುಮುರುಗು.

ವರ್ಷಕ್ಕೆ 90 ಲಕ್ಷ ರೂಪಾಯಿ ಬಿಲ್ಲು ಪಡೆಯುವ ಗುತ್ತಿಗೆದಾರನನ್ನು ತೆಗೆದುಕೊಳ್ಳಬಹುದು. ಸ್ವಂತ ಹೆಸರಿನಲ್ಲಿದ್ದರೆ ಅಂದಾಜು ಲಾಭದ ಪದ್ಧತಿಯನ್ನು ಅವನು ಆರಿಸಿಕೊಳ್ಳಬಹುದು. ವಹಿವಾಟು 2 ಕೋಟಿ ಮೀರದ (ನಗದಾಗಿ ಬಂದ ಹಣ ನೂರಕ್ಕೆ 5 ಮೀರದಿದ್ದರೆ 3 ಕೋಟಿ) ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಈ ಸೌಲಭ್ಯವಿದೆ. ಸರ್ಕಾರಿ ಬಿಲ್ಲು ಬ್ಯಾಂಕಿನ ಮೂಲಕವೇ ಬರುವುದರಿಂದ ವಹಿವಾಟಿನ ನೂರಕ್ಕೆ 6ರಷ್ಟನ್ನು, ಅಂದರೆ 5 ಲಕ್ಷ 40 ಸಾವಿರವನ್ನು ಲಾಭವೆಂದು ತೋರಿಸಿದರೆ ಸಾಕು. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಅದನ್ನೇ ತೋರಿಸಬೇಕೆಂಬುದನ್ನು ಮರೆಯಬಾರದು. 2025–26ನೆಯ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಇಲ್ಲ. ಬೇರೆ ಆದಾಯವಿಲ್ಲದಿದ್ದರೆ ಅವನು ಕಟ್ಟಬೇಕಾದುದು ಸೊನ್ನೆ. ವಿವರವಾದ ಲೆಕ್ಕ ಪುಸ್ತಕವೂ ಬೇಡ, ಆಡಿಟ್ಟೂ ಬೇಡ.

ಕಂಪನಿಗೆ ಈ ಅಂದಾಜು ಪದ್ಧತಿ ಇಲ್ಲ. ವಹಿವಾಟು ಎಷ್ಟೇ ಕಡಿಮೆಯಿರಲಿ ಆಡಿಟ್ ಕಡ್ಡಾಯ. ರಿಯಾಯಿತಿ ದರವನ್ನು ಆಯ್ದುಕೊಂಡರೂ ಮೂಲ ದರ 22, ಅದರ ಮೇಲೆ ಸರ್‌ಚಾರ್ಜ್ ಮತ್ತು ಸೆಸ್ ಸೇರಿ ನೂರಕ್ಕೆ 25.17ರಂತೆ ಮೊದಲ ರೂಪಾಯಿಯಿಂದಲೇ ತೆರಿಗೆ. ನಿರ್ದೇಶಕನಿಗೆ ನ್ಯಾಯವಾದ ಸಂಬಳ ಕೊಟ್ಟು ಕಂಪನಿಯ ಲಾಭವನ್ನು ತಗ್ಗಿಸಬಹುದು, ಅದು ಕ್ರಮವೇ. ಆದರೆ ಸಂಬಳವಾಗಿ ಬಾರದೆ ಲಾಭಾಂಶವಾಗಿ ಬಂದ ಹಣಕ್ಕೆ ಷೇರುದಾರನ ಕೈಯಲ್ಲಿ ಮತ್ತೊಮ್ಮೆ ತೆರಿಗೆ ಬೀಳುತ್ತದೆ. ಲಾಭವು ಮೇಲಿನ ಹಂತದ ವೈಯಕ್ತಿಕ ತೆರಿಗೆಯನ್ನು ಮುಟ್ಟುವಷ್ಟಿದ್ದು, ಅದನ್ನು ಮನೆಗೆ ಒಯ್ಯದೆ ಯಂತ್ರಗಳಿಗೂ ಮುಂದಿನ ಕಾಮಗಾರಿಗೂ ತೊಡಗಿಸುವವನಿಗೆ ಮಾತ್ರ ಕಂಪನಿಯ ದರ ಲಾಭಕರ.

ಕೈಯಲ್ಲಿ ಓಡಾಡುವ ಹಣದ ಮೇಲಿನ ಪರಿಣಾಮವೂ ಇದೆ. ಗುತ್ತಿಗೆ ಬಿಲ್ಲಿನಲ್ಲಿ ಮೂಲದಲ್ಲಿಯೇ ಕಡಿತವಾಗುವ ಆದಾಯ ತೆರಿಗೆ ವ್ಯಕ್ತಿಗೆ ನೂರಕ್ಕೆ 1, ಕಂಪನಿಗೆ ನೂರಕ್ಕೆ 2. 50 ಲಕ್ಷದ ಬಿಲ್ಲಿನಲ್ಲಿ 50 ಸಾವಿರದ ಜಾಗದಲ್ಲಿ 1 ಲಕ್ಷ ಹೋಗುತ್ತದೆ. ಅದು ಮುಂದೆ ಸರಿಹೊಂದುವುದಾದರೂ ಮರುಪಾವತಿಯ ತನಕ ಕಾಯಬೇಕು. ಎರಡೂವರೆ ಲಕ್ಷ ಮೀರಿದ ಸರ್ಕಾರಿ ಗುತ್ತಿಗೆಯಲ್ಲಿ ನೂರಕ್ಕೆ 2ರ ಜಿ.ಎಸ್.ಟಿ. ಕಡಿತ, ನೂರಕ್ಕೆ 1ರ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಇಬ್ಬರಿಗೂ ಸಮಾನ. ಸರ್ಕಾರಿ ಕಾಮಗಾರಿಗಳ ಮೇಲಿನ ಜಿ.ಎಸ್.ಟಿ. 2022ರ ಜುಲೈ 18ರಿಂದ ಸಾಮಾನ್ಯವಾಗಿ ನೂರಕ್ಕೆ 18 ಆಗಿರುವುದೂ ಇಬ್ಬರಿಗೂ ಒಂದೇ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿರುವುದರಿಂದ ಹಳೆಯ ಕಲಮಿನ ಸಂಖ್ಯೆ ಹಿಡಿದು ಪತ್ರ ವ್ಯವಹಾರ ಮಾಡುವವರು ಎಚ್ಚರ ವಹಿಸಬೇಕು.

ನೋಂದಣಿಯ ಕ್ರಮ

ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಇಬ್ಬರೇ ಎರಡೂ ಆಗಬಹುದು. ಕನಿಷ್ಠ 1 ಲಕ್ಷ ರೂಪಾಯಿ ಬಂಡವಾಳವಿರಬೇಕೆಂಬ ಹಿಂದಿನ ನಿಯಮ 2015ರ ತಿದ್ದುಪಡಿಯಿಂದ ರದ್ದಾಯಿತು. ಎರಡನೆಯವರು ಬೇಡವೆನ್ನುವವನು ಏಕವ್ಯಕ್ತಿ ಕಂಪನಿ ಮಾಡಬಹುದು. ತನ್ನ ನಂತರ ಯಾರೆಂದು ಒಬ್ಬ ನಾಮನಿರ್ದೇಶಿತನನ್ನು ಮಾತ್ರ ಹೆಸರಿಸಬೇಕು. ಅಂತಹ ಕಂಪನಿಯ ಬಂಡವಾಳ, ವಹಿವಾಟುಗಳ ಮೇಲಿದ್ದ ಮಿತಿಯನ್ನು 2021ರ ಏಪ್ರಿಲ್‌ನಿಂದ ತೆಗೆಯಲಾಗಿದೆ. 2008ರ ಕಾಯ್ದೆಯ ಸೀಮಿತ ಹೊಣೆಯ ಪಾಲುದಾರಿಕೆಯೂ ಒಂದು ಮಾರ್ಗ. ಅದರ ವಾರ್ಷಿಕ ಕಾಗದಪತ್ರ ಕಡಿಮೆ. ಆದರೆ ಅಂದಾಜು ಲಾಭದ ಪದ್ಧತಿ ಅದಕ್ಕೂ ಇಲ್ಲ.

ಅರ್ಜಿ ಹಾಕಲು ಬೆಂಗಳೂರಿಗೆ ಹೋಗುವ ಕಾಲ ಮುಗಿದಿದೆ. 2020ರ ಫೆಬ್ರವರಿಯಲ್ಲಿ ಬಂದ ಸ್ಪೈಸ್ ಪ್ಲಸ್ ಎಂಬ ಒಂದೇ ನಮೂನೆಯಲ್ಲಿ ಹೆಸರು ಕಾದಿರಿಸುವುದು, ನಿರ್ದೇಶಕರ ಗುರುತಿನ ಸಂಖ್ಯೆ, ನೋಂದಣಿ, ಪ್ಯಾನ್, ಟ್ಯಾನ್, ಭವಿಷ್ಯ ನಿಧಿ, ಇ.ಎಸ್.ಐ., ಬ್ಯಾಂಕ್ ಖಾತೆ ಎಲ್ಲವೂ ಸೇರಿವೆ, ಬೇಕೆಂದರೆ ಜಿ.ಎಸ್.ಟಿ. ನೋಂದಣಿಯೂ. ಅರ್ಜಿಯನ್ನು ಹರಿಯಾಣದ ಮಾನೇಸರ್‌ನಲ್ಲಿರುವ ಕೇಂದ್ರ ನೋಂದಣಿ ಕೇಂದ್ರ ಪರಿಶೀಲಿಸುತ್ತದೆ. ಅಧಿಕೃತ ಬಂಡವಾಳ 15 ಲಕ್ಷದವರೆಗಿದ್ದರೆ ಕೇಂದ್ರದ ನೋಂದಣಿ ಶುಲ್ಕವಿಲ್ಲ. ರಾಜ್ಯದ ಮುದ್ರಾಂಕ ಶುಲ್ಕ, ಡಿಜಿಟಲ್ ಸಹಿ ಮತ್ತು ವೃತ್ತಿಪರರ ಶುಲ್ಕ ಮಾತ್ರ ತಪ್ಪದು. ಕಚೇರಿಗೆ ಸ್ವಂತ ಮನೆಯೇ ಆದೀತು. ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ಲು ಹಾಗೂ ಮನೆ ತಂದೆಯ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಸಾಕು.

ಎರಡು ಕಡೆ ಅವಸರ ಸಲ್ಲದು. ಒಂದು, ಮೆಮೊರಾಂಡಂನ ಉದ್ದೇಶಗಳ ಕಲಮು. ಸಿವಿಲ್ ಕಾಮಗಾರಿ, ರಸ್ತೆ, ನೀರಾವರಿ, ಕುಡಿಯುವ ನೀರಿನ ಯೋಜನೆ, ಯಂತ್ರ ಬಾಡಿಗೆ ಎಲ್ಲವೂ ಅಲ್ಲಿರಬೇಕು. ಮಾದರಿ ಪ್ರತಿಯಲ್ಲಿ ಬಂದದ್ದನ್ನೇ ಹಾಕಿ, ಟೆಂಡರು ಪರಿಶೀಲನೆಯ ಹೊತ್ತಿಗೆ ಉದ್ದೇಶ ಹೊಂದುವುದಿಲ್ಲವೆಂಬ ಆಕ್ಷೇಪಣೆಗೆ ಎಡೆ ಕೊಡಬಾರದು. ಇನ್ನೊಂದು, ಷೇರುಗಳ ಹಂಚಿಕೆ. ಅಣ್ಣತಮ್ಮಂದಿರು 50–50 ಹಂಚಿಕೊಂಡರೆ ನ್ಯಾಯವೆನಿಸುತ್ತದೆ, ನಿಜ. ಭಿನ್ನಾಭಿಪ್ರಾಯ ಬಂದ ದಿನ ಯಾವ ನಿರ್ಣಯವೂ ಆಗದೆ ಕಾಮಗಾರಿ ನಿಲ್ಲುತ್ತದೆ.

ನೋಂದಣಿ ಪತ್ರ ಕೈಗೆ ಬಂದ ಕೂಡಲೇ ಟೆಂಡರು ಹಾಕಲು ಹೊರಡುವುದು ತಪ್ಪು. ಷೇರಿನ ಹಣವನ್ನು ಕಂಪನಿಯ ಖಾತೆಗೆ ಕಟ್ಟಿ, 180 ದಿನಗಳೊಳಗೆ ಐ.ಎನ್.ಸಿ.–20ಎ ನಮೂನೆಯಲ್ಲಿ ಘೋಷಣೆ ಸಲ್ಲಿಸುವವರೆಗೆ ಕಂಪನಿಯು ವ್ಯವಹಾರ ಆರಂಭಿಸುವಂತಿಲ್ಲ, ಸಾಲ ಪಡೆಯುವಂತಿಲ್ಲ. ತಪ್ಪಿದರೆ ಕಂಪನಿಗೆ 50 ಸಾವಿರ ದಂಡ, ಹೊಣೆಗಾರ ಅಧಿಕಾರಿಗೆ ದಿನಕ್ಕೆ 1 ಸಾವಿರದಂತೆ 1 ಲಕ್ಷದವರೆಗೆ. ಮೊದಲ 30 ದಿನಗಳಲ್ಲಿ ನಿರ್ದೇಶಕ ಮಂಡಳಿಯ ಸಭೆ ಸೇರಿ ಲೆಕ್ಕಪರಿಶೋಧಕರನ್ನು ನೇಮಿಸಬೇಕು. ಕಚೇರಿಯ ಹೊರಗೆ ಹೆಸರು–ವಿಳಾಸದ ಫಲಕ ಹಾಕಬೇಕು. ಆ ಸ್ಥಳದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲಿಯೂ ಹೆಸರಿರಬೇಕೆಂಬುದು ಕಂಪನಿ ಕಾಯ್ದೆಯದೇ ಮಾತು. ಆದುದರಿಂದ ಮುಧೋಳದಲ್ಲಿ ಕನ್ನಡ ಫಲಕವು ಕೇಂದ್ರ ಕಾನೂನಿನ ಅಗತ್ಯವೂ ಹೌದು.

ಪೆಟ್ಟಿಗೆ ಬೇರೆ, ಜೇಬು ಬೇರೆ

ಕಂಪನಿ ನಡೆಸುವಾಗ ಹೆಚ್ಚಿನ ತೊಂದರೆ ಬರುವುದು ಹಳೆಯ ಅಭ್ಯಾಸದಿಂದ. ಬಿಲ್ಲಿನ ಹಣ ಬಂದಾಗ ಮಗಳ ಮದುವೆಗೆ ಐದು ಲಕ್ಷ ತೆಗೆಯುವುದು ಸ್ವಂತ ವ್ಯಾಪಾರದಲ್ಲಿ ಯಾರೂ ಕೇಳದ ವಿಷಯ. ಕಂಪನಿಯಲ್ಲಿ ಅದು ನಿರ್ದೇಶಕನಿಗೆ ಕೊಟ್ಟ ಸಾಲ. ಕಂಪನಿ ಕಾಯ್ದೆಯ 185ನೆಯ ಕಲಮು ಅದನ್ನು ನಿರ್ಬಂಧಿಸುತ್ತದೆ. ಆದಾಯ ತೆರಿಗೆಯವರು ಅದನ್ನು ಲಾಭಾಂಶವೆಂದೇ ಎಣಿಸಿ ತೆರಿಗೆ ಹಾಕಬಹುದು. ವಾರದ ಬಟವಾಡೆ, ಮರಳು, ಜಲ್ಲಿಗೆ ಕೊಡುವ ನಗದಿಗೂ ಚೀಟಿ ಬೇಕು. ಒಬ್ಬನಿಗೆ ಒಂದು ದಿನದಲ್ಲಿ 10 ಸಾವಿರ ಮೀರಿ ನಗದು ಕೊಟ್ಟ ಖರ್ಚು ಲೆಕ್ಕದಲ್ಲಿ ಒಪ್ಪಿತವಾಗದು.

ಆಸ್ತಿಯ ಹೆಸರಿನ ವಿಷಯದಲ್ಲಿಯೂ ಹೀಗೆಯೇ. ಉತ್ತರ ಐರ್ಲೆಂಡಿನ ಮಕೌರಾ ಎಂಬ ಜಮೀನುದಾರ ತನ್ನ ತೋಪಿನ ಮರದ ದಿಮ್ಮಿಗಳನ್ನು ತನ್ನದೇ ಕಂಪನಿಗೆ ಮಾರಿ, ವಿಮೆಯನ್ನು ಮಾತ್ರ ಸ್ವಂತ ಹೆಸರಿನಲ್ಲಿಯೇ ಇಟ್ಟಿದ್ದ. ದಿಮ್ಮಿಗಳು ಬೆಂಕಿಗೆ ಆಹುತಿಯಾದವು. ಕಂಪನಿಯ ಸ್ವತ್ತಿನಲ್ಲಿ ಷೇರುದಾರನಿಗೆ ವಿಮೆಗೆ ಅರ್ಹವಾದ ಹಿತಾಸಕ್ತಿ ಇಲ್ಲವೆಂದು 1925ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ಕ್ಲೇಮನ್ನು ತಿರಸ್ಕರಿಸಿತು. ಟಿಪ್ಪರು, ಜೆ.ಸಿ.ಬಿ.ಗಳನ್ನು ಕಂಪನಿಗೆ ವರ್ಗಾಯಿಸಿದವರು ಆರ್.ಸಿ. ಪುಸ್ತಕ, ವಿಮೆ ಎರಡನ್ನೂ ಅದೇ ದಿನ ಬದಲಿಸಬೇಕು. ಯಂತ್ರವನ್ನು ಸ್ವಂತ ಹೆಸರಿನಲ್ಲಿಯೇ ಇಟ್ಟು ಕಂಪನಿಗೆ ಬಾಡಿಗೆಗೆ ಕೊಡುವುದೂ ಸಾಧ್ಯ. ಆಗ ಬಾಡಿಗೆ ಕರಾರು ಬರವಣಿಗೆಯಲ್ಲಿರಬೇಕು.

ವರ್ಷಕ್ಕೊಮ್ಮೆ ಸಾಮಾನ್ಯ ಸಭೆಯ ನಂತರ 30 ದಿನಗಳಲ್ಲಿ ಲೆಕ್ಕಪತ್ರ, 60 ದಿನಗಳಲ್ಲಿ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕು. ಕಾಮಗಾರಿ ಇರಲಿ ಇಲ್ಲದಿರಲಿ ಇದು ತಪ್ಪದು. ತಡವಾದರೆ ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿ, ಮೇಲ್ಮಿತಿಯಿಲ್ಲ. ಎರಡು ನಮೂನೆಗಳನ್ನು ಒಂದು ವರ್ಷ ಮರೆತರೆ 73 ಸಾವಿರ. ಸತತ ಮೂರು ವರ್ಷ ಮರೆತರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ನಿಷ್ಕ್ರಿಯ ಕಂಪನಿಗಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿ, ಅವುಗಳ ಬ್ಯಾಂಕ್ ಖಾತೆಗಳ ವ್ಯವಹಾರವನ್ನು ತಡೆಯಲಾಯಿತು. ಬಿಲ್ಲಿನ ಹಣ ಬರಬೇಕಾದ ಖಾತೆಯೇ ಹೀಗೆ ನಿಂತರೆ ಗುತ್ತಿಗೆದಾರನ ಪಾಡೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಯಾರಿಗೆ, ಯಾವಾಗ

ಈ ಎಲ್ಲ ಹೊರೆಯ ನಡುವೆಯೂ ಕಂಪನಿಗೆ ಮಾತ್ರ ಇರುವ ಒಂದು ಗುಣವಿದೆ. ಕಾಮಗಾರಿಯ ಮಧ್ಯದಲ್ಲಿ ಮಾಲೀಕನು ತೀರಿಕೊಂಡರೆ ಏಕವ್ಯಕ್ತಿ ಒಡೆತನ ಅಲ್ಲಿಗೇ ಮುಗಿಯುತ್ತದೆ, ನೋಂದಣಿ, ಜಿ.ಎಸ್.ಟಿ., ಬ್ಯಾಂಕ್ ಖಾತೆ ಎಲ್ಲವೂ ನಿಂತು, ಠೇವಣಿ ಮತ್ತು ಬಾಕಿ ಬಿಲ್ಲಿಗಾಗಿ ವಾರಸುದಾರರು ಕಚೇರಿಗಳಿಗೆ ಅಲೆಯುತ್ತಾರೆ. ಕಂಪನಿಗೆ ಸಾವಿಲ್ಲ. ಷೇರುಗಳು ವಾರಸುದಾರರಿಗೆ ಹೋಗುತ್ತವೆ, ಉಳಿದ ನಿರ್ದೇಶಕನ ಸಹಿಯಿಂದ ಕೆಲಸ ಮುಂದುವರಿಯುತ್ತದೆ. ಮಕ್ಕಳನ್ನು ಇದೇ ಉದ್ಯೋಗಕ್ಕೆ ತರುವ ಕುಟುಂಬಗಳಿಗೆ ತೆರಿಗೆಯ ಲೆಕ್ಕಕ್ಕಿಂತ ಇದೇ ದೊಡ್ಡ ಕಾರಣವಾದೀತು.

ಆದುದರಿಂದ ತುಂಡು ಗುತ್ತಿಗೆ, ಸಣ್ಣಪುಟ್ಟ ಕಾಮಗಾರಿಗಳಿಂದ ಆರಂಭಿಸುವ ಹೊಸಬನು ಮೊದಲ ದಿನವೇ ಕಂಪನಿ ಮಾಡಬೇಕಾದ ಅವಶ್ಯಕತೆ ಕಾಣುವುದಿಲ್ಲ. ಮುಂದಿನ ಐದು ವರ್ಷಗಳಲ್ಲಿ ದೊಡ್ಡ ಟೆಂಡರುಗಳಿಗೆ ಹೋಗುವ ನಿಶ್ಚಯವಿದ್ದವನ ಲೆಕ್ಕ ಬೇರೆ. ಅನುಭವದ ಗಡಿಯಾರವು ಕಂಪನಿಯ ಹೆಸರಿನಲ್ಲಿ ಮೊದಲ ಕೆಲಸ ಮುಗಿದ ದಿನದಿಂದಲೇ ಓಡಲಾರಂಭಿಸುವುದರಿಂದ, ಅವನು ಬೇಗನೆ ಕಂಪನಿ ಮಾಡಿ ಅದರ ಹೆಸರಿನಲ್ಲಿ ಚಿಕ್ಕ ಕೆಲಸಗಳನ್ನಾದರೂ ಮಾಡುತ್ತಿರಬೇಕು. ಕಾರ್ಖಾನೆಗಳ ಶೆಡ್ಡು, ಅಂಗಳದ ಕಾಂಕ್ರೀಟು ಮುಂತಾದ ಖಾಸಗಿ ಕೆಲಸಗಳು ಇದಕ್ಕೆ ಅನುಕೂಲ. ಪ್ರತಿಯೊಂದಕ್ಕೂ ಕಾರ್ಯಾದೇಶ, ಪೂರ್ಣಗೊಂಡ ಪ್ರಮಾಣ ಪತ್ರ ಮತ್ತು ತೆರಿಗೆ ಕಡಿತದ ದಾಖಲೆಯನ್ನು ಇಟ್ಟುಕೊಳ್ಳಬೇಕು.

ಈಗಾಗಲೇ ಸ್ವಂತ ಹೆಸರಿನಲ್ಲಿ ನೋಂದಣಿಯಿರುವವರು ಅದನ್ನು ಬಿಟ್ಟುಕೊಡದೆ, ಹಳೆಯ ಕಾಮಗಾರಿಗಳನ್ನು ಹಳೆಯ ಹೆಸರಿನಲ್ಲಿಯೇ ಮುಗಿಸಿ, ಭದ್ರತಾ ಠೇವಣಿ ಮರಳಿ ಪಡೆಯುವವರೆಗೆ ಎರಡನ್ನೂ ಜೊತೆಗೆ ನಡೆಸುವುದು ಸುರಕ್ಷಿತ. ಆ ಅವಧಿಯಲ್ಲಿ ಒಂದೇ ಟೆಂಡರಿಗೆ ಎರಡೂ ಹೆಸರುಗಳಿಂದ ಅರ್ಜಿ ಹಾಕಬಾರದು. ಒಬ್ಬನೇ ಎರಡು ದರ ನಮೂದಿಸಿದಂತಾಗಿ ಎರಡೂ ತಿರಸ್ಕೃತವಾಗುವ ಸಂಭವವಿದೆ.